ಮೀಡಿಯಂ ಹಳದಿಯಾಗಿತ್ತು, ಸೆಲ್‌ಗಳು ಸತ್ತಿರಲಿಲ್ಲ

"ಮೇಡಂ, ಕಂಟ್ಯಾಮಿನೇಷನ್ ಆಗಿದೆ. ಬಿಸಾಕಿಬಿಡ್ಲಾ?"

ಸೋಮವಾರ ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದ ಕೂಡಲೇ ನಮ್ಮ ಲ್ಯಾಬಿನ ಪಿಎಚ್‌ಡಿ ಹುಡುಗಿ ಕೇಳಿದ್ದು ಇಷ್ಟು. ಕೈಯಲ್ಲಿ ಸಿಕ್ಸ್ ವೆಲ್ ಪ್ಲೇಟ್, ಅಂದರೆ ಸೆಲ್ ಬೆಳೆಸುವ ಆರು ಗುಳಿಗಳ ತಟ್ಟೆ. ಮೇಲಿನ ಸಾಲಿನ ಮೂರು ವೆಲ್‌ಗಳಲ್ಲಿ ಮೀಡಿಯಂ, ಅಂದರೆ ಸೆಲ್‌ಗಳ ಆಹಾರದ ದ್ರವ, ಎಂದಿನಂತೆ ಕೆಂಪಗಿದೆ, ಕೆಳಗಿನ ಸಾಲಿನ ಮೂರರಲ್ಲಿ ಅಚ್ಚ ಹಳದಿ. ಸೆಲ್ ಕಲ್ಚರ್ ಮಾಡುವವರಿಗೆ ಈ ಬಣ್ಣ ಕಂಡರೆ ಎದೆ ಧಸಕ್ ಅನ್ನುತ್ತದೆ. ಮೀಡಿಯಂನಲ್ಲಿ ಫೀನಾಲ್ ರೆಡ್ ಅಂತ ಒಂದು ಬಣ್ಣ ಹಾಕಿರುತ್ತಾರೆ. ಪಿಎಚ್ 7.4 ಇದ್ದಾಗ ಅದು ಕೆಂಪು, 6.8ರ ಹತ್ತಿರ ಇಳಿದರೆ ಹಳದಿ. ಅಂದರೆ ಯಾರೋ ಆಮ್ಲ ಸುರಿಯುತ್ತಿದ್ದಾರೆ. ಸಾಮಾನ್ಯವಾಗಿ ಆ "ಯಾರೋ" ಬ್ಯಾಕ್ಟೀರಿಯಾ.

ನಾನು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದೆ. ಹಳದಿ ಇದೆ, ಆದರೆ ಕದಡಿಲ್ಲ. ಬ್ಯಾಕ್ಟೀರಿಯಾ ಬಂದಿದ್ದರೆ ಇಷ್ಟು ಹೊತ್ತಿಗೆ ಮೋಡ ಕವಿದ ಹಾಗೆ ಮಬ್ಬಾಗಿರಬೇಕಿತ್ತು. ಮೈಕ್ರೋಸ್ಕೋಪ್ ಕೆಳಗಿಟ್ಟರೆ ಸೆಲ್‌ಗಳ ನಡುವೆ ಏನೂ ಮಿಸುಕಾಡುತ್ತಿಲ್ಲ, ಸೆಲ್‌ಗಳು ತಳಕ್ಕೆ ಅಂಟಿಕೊಂಡೇ ಕೂತಿವೆ. ವಿಚಿತ್ರ ಅಂದರೆ ಹಳದಿ ವೆಲ್‌ಗಳಲ್ಲಿ ಸೆಲ್‌ಗಳು ಕೆಂಪು ವೆಲ್‌ಗಳಿಗಿಂತ ಕಡಿಮೆಯೇ ಇದ್ದವು. ಕಡಿಮೆ ಜನರಿರುವ ಮನೆಯಿಂದ ಜಾಸ್ತಿ ಹೊಗೆ ಬಂದ ಹಾಗೆ. ಬಿಸಾಕಬೇಡ ಅಂದೆ.

ಆ ಪ್ಲೇಟಿನ ಕಥೆಯನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಪ್ರಯೋಗ ಏನಿತ್ತು

ಸೆಲ್‌ಗಳು ಇಎಂಟಿ-6, ಅಂದರೆ ಇಲಿಯ ಸ್ತನ ಕ್ಯಾನ್ಸರಿನಿಂದ ಬಂದ, ಲ್ಯಾಬಿನಲ್ಲಿ ಬೆಳೆಸುತ್ತಲೇ ಇರುವ ಲೈನ್. ಹಾಕಿದ್ದು ಎರಡು ಸೈಟೊಕೈನ್: ಇಂಟರ್‌ಫೆರಾನ್ ಗಾಮಾ ಮತ್ತು ಟಿಎನ್‌ಎಫ್. ಸೈಟೊಕೈನ್ ಅಂದರೆ ರೋಗನಿರೋಧಕ ಸೆಲ್‌ಗಳು ಪರಸ್ಪರ ಮತ್ತು ಸುತ್ತಲಿನವರಿಗೆ ಕಳಿಸುವ ಪ್ರೋಟೀನ್ ಸಂದೇಶ. ಟ್ಯೂಮರ್ ಒಳಗೆ ಟಿ ಸೆಲ್, ಎನ್‌ಕೆ ಸೆಲ್‌ಗಳು ಮುಖ್ಯವಾಗಿ ಇಂಟರ್‌ಫೆರಾನ್ ಗಾಮಾ ಬಿಡುತ್ತವೆ, ಮ್ಯಾಕ್ರೋಫೇಜ್‌ಗಳು ಟಿಎನ್‌ಎಫ್ ಬಿಡುತ್ತವೆ. ಪ್ರಶ್ನೆ ಬಹಳ ಚಿಕ್ಕದು: ಇವೆರಡನ್ನೂ ಒಟ್ಟಿಗೆ ಕೊಟ್ಟರೆ ಕ್ಯಾನ್ಸರ್ ಸೆಲ್ ಸಾಯುತ್ತದೆಯೇ?

ಮೊದಲ ಸಲ ಮಾಡಿದಾಗ ಏನೂ ಆಗಿರಲಿಲ್ಲ. ಹುಡುಗಿ ಬೇಜಾರಾಗಿ ಕೂತಿದ್ದಳು, ವಯಲ್ ತೆಗೆದು ನೋಡಿದರೆ ಅದು ಮನುಷ್ಯರ ಇಂಟರ್‌ಫೆರಾನ್ ಗಾಮಾ. ಇದು ಇಲಿ ಸೆಲ್‌ಗಳ ಮೇಲೆ ಕೆಲಸ ಮಾಡುವುದಿಲ್ಲ, ಇಲಿಯದ್ದು ಮನುಷ್ಯರ ಸೆಲ್‌ಗಳ ಮೇಲೂ ಮಾಡುವುದಿಲ್ಲ. ಟಿಎನ್‌ಎಫ್ ಅಷ್ಟು ಹಟ ಮಾಡುವುದಿಲ್ಲ, ಮನುಷ್ಯರದ್ದು ಇಲಿಯ ಮೊದಲನೇ ರಿಸೆಪ್ಟರಿಗೆ (ಸೆಲ್ ಮೇಲೆ ಸಂದೇಶ ಹಿಡಿಯುವ ಪ್ರೋಟೀನ್) ಅಂಟಿಕೊಳ್ಳುತ್ತದೆ. ಇಂಟರ್‌ಫೆರಾನ್ ಗಾಮಾ ಮಾತ್ರ ತನ್ನ ಜಾತಿ ಬಿಟ್ಟು ಬೇರೆಯವರ ಜೊತೆ ಮಾತೇ ಆಡುವುದಿಲ್ಲ. ಇದೇ ತಪ್ಪನ್ನು ನಾನೂ ಒಂದು ಕಾಲದಲ್ಲಿ ಮಾಡಿದ್ದೆ, ಹಾಗಾಗಿ ಬೈಯುವ ನೈತಿಕ ಹಕ್ಕು ನನಗಿರಲಿಲ್ಲ.

ಸರಿಯಾದ ವಯಲ್ ಹಾಕಿ ಎರಡನೇ ಸಲ ಮಾಡಿದಾಗ ಎಂಟಿಟಿ ರೀಡಿಂಗ್ (ಬದುಕಿರುವ ಸೆಲ್ ಎಷ್ಟಿವೆ ಎಂದು ಅಂದಾಜಿಸುವ ಪರೀಕ್ಷೆ) ಧೊಪ್ಪೆಂದು ಬಿತ್ತು. ಎರಡೂ ಸೈಟೊಕೈನ್ ಕೊಟ್ಟ ವೆಲ್‌ಗಳಲ್ಲಿ ಕಂಟ್ರೋಲಿನ, ಅಂದರೆ ಏನೂ ಕೊಡದ ವೆಲ್‌ಗಳ, ಅರ್ಧಕ್ಕಿಂತ ಕೆಳಗೆ. ಅವಳ ನೋಟ್‌ಬುಕ್ಕಿನಲ್ಲಿ ಅವತ್ತಿನ ಸಾಲು ಹೀಗಿದೆ: "ಅರ್ಧಕ್ಕಿಂತ ಜಾಸ್ತಿ ಸೆಲ್ ಸತ್ತಿವೆ." ಖುಷಿಯಲ್ಲಿ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಳು. ಆಮೇಲೆ ಬಂದದ್ದು ಈ ಹಳದಿ ಪ್ಲೇಟ್, ಹಳದಿಯಾದದ್ದು ಎರಡೂ ಸೈಟೊಕೈನ್ ಕೊಟ್ಟ ವೆಲ್‌ಗಳು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅರ್ಧಕ್ಕಿಂತ ಜಾಸ್ತಿ ಸತ್ತಿದ್ದರೆ ಈ ಆಮ್ಲ ಯಾರದ್ದು? ಸತ್ತ ಸೆಲ್ ಗ್ಲೂಕೋಸ್ ತಿನ್ನುವುದಿಲ್ಲ ಅಲ್ವಾ.

ಎಂಟಿಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಎಂಟಿಟಿ ಒಂದು ಹಳದಿ ಪುಡಿ. ಬದುಕಿರುವ ಸೆಲ್ ಒಳಗೆ ಹೋದರೆ ಅಲ್ಲಿನ ಕಿಣ್ವಗಳು ಎನ್‌ಎಡಿಎಚ್ ಎಂಬ ಎಲೆಕ್ಟ್ರಾನ್ ಹೊರುವ ಅಣುವಿನಿಂದ ಎಲೆಕ್ಟ್ರಾನ್ ತೆಗೆದು ಅದಕ್ಕೆ ಕೊಡುತ್ತವೆ, ಅದು ನೇರಳೆ ಹರಳಾಗುತ್ತದೆ. ಮೂರ್ನಾಲ್ಕು ಗಂಟೆ ಬಿಟ್ಟು ಹರಳನ್ನು ಡಿಎಂಎಸ್‌ಒದಲ್ಲಿ ಕರಗಿಸಿ 570 ನ್ಯಾನೊಮೀಟರಿನಲ್ಲಿ ಓದುತ್ತೇವೆ. ನೇರಳೆ ಕಡಿಮೆ ಬಂದರೆ ಸೆಲ್ ಕಡಿಮೆ ಅಂತ ಎಲ್ಲರೂ ಬರೆದುಬಿಡುತ್ತಾರೆ. ಆದರೆ ಅದು ಎಣಿಸುವುದು ಸೆಲ್‌ಗಳ ತಲೆಯನ್ನಲ್ಲ, ಅವುಗಳೊಳಗೆ ಎಲೆಕ್ಟ್ರಾನ್ ಎಷ್ಟು ಚುರುಕಾಗಿ ಕೈ ಬದಲಾಯಿಸುತ್ತಿದೆ ಎನ್ನುವುದನ್ನು. ಬೇರೆ ಪ್ರಯೋಗಗಳಲ್ಲಿ ಈ ವ್ಯತ್ಯಾಸ ಅಷ್ಟು ಕಾಡುವುದಿಲ್ಲ. ಸೈಟೊಕೈನ್ ಹಾಕಿದಾಗ ಕಾಡುತ್ತದೆ, ಯಾಕೆಂದರೆ ಸೈಟೊಕೈನ್ ಕೈ ಹಾಕುವುದೇ ಆ ಜಾಗಕ್ಕೆ.

ಹಾಗಾಗಿ ತಲೆ ಎಣಿಸಲು ಕೂತೆವು. ಟ್ರಿಪ್ಸಿನ್ ಹಾಕಿ ಸೆಲ್ ಎಬ್ಬಿಸಿ, ಟ್ರೈಪಾನ್ ಬ್ಲೂ ಬೆರೆಸಿ, ಸೆಲ್ ಎಣಿಸುವ ಹಿಮೊಸೈಟೋಮೀಟರ್ ಗಾಜಿನ ಅಂಚಿಗೆ ಹತ್ತು ಮೈಕ್ರೋಲೀಟರ್ ಬಿಟ್ಟರೆ ಅದು ತಾನೇ ಒಳಗೆ ಹರಿದುಕೊಳ್ಳುತ್ತದೆ. ಪೊರೆ ಹರಿದ ಸೆಲ್ ನೀಲಿಯಾಗುತ್ತದೆ, ಗಟ್ಟಿಯಾಗಿರುವುದು ಮುತ್ತಿನ ಹಾಗೆ ಹೊಳೆಯುತ್ತದೆ. ಹಳದಿ ವೆಲ್‌ನ ಸೆಲ್‌ಗಳಲ್ಲಿ ನೀಲಿ ಹುಡುಕಿ ಹುಡುಕಿ ಸಾಕಾಯಿತು. ಬೆರಳೆಣಿಕೆಯಷ್ಟು. ಒಟ್ಟು ಸಂಖ್ಯೆ ಕಂಟ್ರೋಲಿಗಿಂತ ಕಾಲು ಭಾಗದಷ್ಟು ಕಡಿಮೆ ಇತ್ತು, ಅದು ಬೆಳವಣಿಗೆ ನಿಧಾನವಾದದ್ದರಿಂದ. ಕೊಲೆ ನಡೆದಿರಲಿಲ್ಲ. ಹುಡುಗಿ ಎರಡು ಸಲ ಎಣಿಸಿದಳು, ನಾನು ಒಂದು ಸಲ. ಮೂರೂ ಹೊಂದಿದವು.

ಉಸಿರು ಎಲ್ಲಿ ನಿಂತಿತ್ತು

ಕ್ಯಾನ್ಸರ್ ಸೆಲ್ ಆಮ್ಲ ಬಿಡುವುದು ಹೊಸ ವಿಷಯವೇನಲ್ಲ. 1920ರ ದಶಕದಲ್ಲೇ ಓಟ್ಟೊ ವಾರ್ಬರ್ಗ್ ಟ್ಯೂಮರಿನ ತೆಳು ಹೋಳುಗಳನ್ನು ಇಟ್ಟು, ಆಮ್ಲಜನಕ ಧಾರಾಳವಾಗಿದ್ದರೂ ಅವು ಗ್ಲೂಕೋಸನ್ನು ಲ್ಯಾಕ್ಟೇಟ್ ಮಾಡಿ ಹೊರಗೆ ಹಾಕುತ್ತವೆ ಎಂದು ತೋರಿಸಿದ್ದರು. ಅವರು ಇದಕ್ಕೆ ಕಾರಣ ಉಸಿರಾಟದ ಯಂತ್ರವೇ ಕೆಟ್ಟಿರುವುದು ಅಂದುಕೊಂಡರು. ಆ ಭಾಗ ಹೆಚ್ಚಿನ ಕ್ಯಾನ್ಸರ್‌ಗಳಿಗೆ ಸರಿಹೊಂದಲಿಲ್ಲ. ಹೆಚ್ಚಿನವುಗಳ ಮೈಟೊಕಾಂಡ್ರಿಯಾ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದರ ಜೊತೆಗೆ ಲ್ಯಾಕ್ಟೇಟ್ ಬೇರೆ. ನಮ್ಮ ಕಂಟ್ರೋಲ್ ಸೆಲ್‌ಗಳೂ ಹಾಗೇ ಇದ್ದವು. ಆದ್ದರಿಂದ ನಮ್ಮ ಮುಂದಿದ್ದ ಪ್ರಶ್ನೆ, ಆಗಲೇ ಲ್ಯಾಕ್ಟೇಟ್ ಬಿಡುವ ಸೆಲ್ ಇನ್ನೂ ಜಾಸ್ತಿ ಬಿಡಲು ಶುರು ಮಾಡಿದ್ದು ಯಾಕೆ ಎನ್ನುವುದು.

ಮೀಡಿಯಂನಲ್ಲಿ ಉಳಿದ ಗ್ಲೂಕೋಸ್, ಸೇರಿದ ಲ್ಯಾಕ್ಟೇಟ್ ಎರಡನ್ನೂ ಅಳೆದು ಸೆಲ್ ಸಂಖ್ಯೆಯಿಂದ ಭಾಗಿಸಿದೆವು. ಈ ಭಾಗಾಕಾರ ಮಾಡದೆ ಬರುವ ಲೆಕ್ಕ ಸುಮ್ನೆ ವೇಸ್ಟ್. ಭಾಗಿಸಿದಾಗ ಚಿತ್ರ ಸ್ಪಷ್ಟವಾಯಿತು: ಒಂದೊಂದು ಸೆಲ್ ತಿನ್ನುವ ಗ್ಲೂಕೋಸೂ ಏರಿದೆ, ಬಿಡುವ ಲ್ಯಾಕ್ಟೇಟೂ ಏರಿದೆ. ಆಮೇಲೆ ಸೀಹಾರ್ಸ್ ಯಂತ್ರದಲ್ಲಿ ಆಮ್ಲಜನಕ ಬಳಕೆ ನೋಡಿದೆವು. ಅದರಲ್ಲಿ ಮೊದಲು ಒಲಿಗೊಮೈಸಿನ್ ಹಾಕಿ ಎಟಿಪಿ (ಸೆಲ್‌ನ ಶಕ್ತಿಯ ನಾಣ್ಯ) ಮಾಡುವ ಚಕ್ರ ನಿಲ್ಲಿಸುತ್ತೇವೆ, ಆಮೇಲೆ ಎಫ್‌ಸಿಸಿಪಿ ಹಾಕಿ ಯಂತ್ರವನ್ನು ಎಷ್ಟು ಓಡುತ್ತದೋ ಅಷ್ಟೂ ಓಡಿಸುತ್ತೇವೆ, ಕೊನೆಗೆ ರೋಟೆನೋನ್ ಮತ್ತು ಆಂಟಿಮೈಸಿನ್ ಹಾಕಿ ಪೂರ್ತಿ ಮುಚ್ಚುತ್ತೇವೆ. ಕಂಟ್ರೋಲಿನ ಗೆರೆ ಎಫ್‌ಸಿಸಿಪಿ ಹಾಕಿದ ಕೂಡಲೇ ಬೆಟ್ಟದ ಹಾಗೆ ಮೇಲೇರಿತು. ಸೈಟೊಕೈನ್ ಕಂಡ ಸೆಲ್‌ಗಳ ಗೆರೆ ಮೊದಲಿನಿಂದಲೇ ತಗ್ಗಾಗಿತ್ತು, ಎಫ್‌ಸಿಸಿಪಿ ಹಾಕಿದರೂ ಮೇಲೇಳಲಿಲ್ಲ. ಅಂದರೆ ಅವು ಮೈಟೊಕಾಂಡ್ರಿಯಾವನ್ನು ಬೇಡ ಅಂತ ಬದಿಗಿಟ್ಟಿರಲಿಲ್ಲ. ಓಡಿಸಿದರೂ ಓಡದ ಸ್ಥಿತಿ ಅದು.

ಇಲ್ಲಿಗೆ ಬಂದಾಗ ನನಗೆ ಹಳೆಯ ಕೆಲಸವೊಂದು ನೆನಪಾಯಿತು. 1980ರಲ್ಲಿ ಡೊನಾಲ್ಡ್ ಗ್ರೇಂಜರ್, ಜಾನ್ ಹಿಬ್ಸ್ ಮತ್ತು ಜೊತೆಗಾರರು ಇಲಿಯ ಎಲ್1210 ಲ್ಯುಕೇಮಿಯಾ ಸೆಲ್‌ಗಳನ್ನು ಕೆರಳಿದ ಮ್ಯಾಕ್ರೋಫೇಜ್‌ಗಳ ಜೊತೆ ಬಿಟ್ಟು ನೋಡಿದ್ದರು. ಕ್ಯಾನ್ಸರ್ ಸೆಲ್‌ಗಳ ಮೈಟೊಕಾಂಡ್ರಿಯಾದ ಉಸಿರಾಟ ನಿಂತುಹೋಯಿತು, ಆದರೂ ಮೀಡಿಯಂನಲ್ಲಿ ಗ್ಲೂಕೋಸ್ ಇರುವ ತನಕ ಅವು ಬದುಕಿದ್ದವು. ಗ್ಲೂಕೋಸ್ ತೆಗೆದರೆ ಸತ್ತವು. ಎರಡು ವರ್ಷದ ನಂತರ ಗ್ರೇಂಜರ್ ಮತ್ತು ಲೆಹ್ನಿಂಜರ್, ಮೈಟೊಕಾಂಡ್ರಿಯಾದಲ್ಲಿ ಎಲೆಕ್ಟ್ರಾನನ್ನು ಕೈಯಿಂದ ಕೈಗೆ ದಾಟಿಸುವ ಪ್ರೋಟೀನ್ ಗುಂಪುಗಳ (ಕಾಂಪ್ಲೆಕ್ಸ್‌ಗಳ) ಸರಪಳಿಯಲ್ಲಿ ಏಟು ಬಿದ್ದಿರುವುದು ಒಂದನೇ ಮತ್ತು ಎರಡನೇ ಕಾಂಪ್ಲೆಕ್ಸ್‌ಗೆ ಎಂದು ತೋರಿಸಿದರು. ಏಟು ಕೊಟ್ಟಿದ್ದು ಯಾವ ವಸ್ತು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. 1987ರಲ್ಲಿ ಹಿಬ್ಸ್ ತಂಡ ಇದಕ್ಕೆ ಆರ್ಜಿನೀನ್ ಬೇಕು, ಕೊನೆಯಲ್ಲಿ ನೈಟ್ರೈಟ್ ಉಳಿಯುತ್ತದೆ ಎಂದು ಕಂಡಿತು. ಮುಂದೆ ಅದು ನೈಟ್ರಿಕ್ ಆಕ್ಸೈಡ್ ಎಂದು ಗೊತ್ತಾಯಿತು. ಇನ್ನೂ ಮಜಾ ಅಂದರೆ 1988ರಲ್ಲಿ ಅದೇ ಗುಂಪು, ಮ್ಯಾಕ್ರೋಫೇಜ್ ಇಲ್ಲದೆಯೇ, ಬರೀ ಸೈಟೊಕೈನ್ ಕೊಟ್ಟರೆ ಇಎಂಟಿ-6 ಸೆಲ್‌ಗಳು ತಾವೇ ಇದನ್ನು ತಯಾರಿಸಿ ತಮ್ಮ ಉಸಿರಾಟಕ್ಕೆ ತಾವೇ ಕಲ್ಲು ಹಾಕಿಕೊಳ್ಳುತ್ತವೆ ಎಂದು ಬರೆದಿತ್ತು. ನಮ್ಮ ಸೆಲ್ ಲೈನೇ! ಸೋಮವಾರಕ್ಕೆ ಮೊದಲೇ ನೆನಪಾಗಿದ್ದರೆ ಒಂದು ವಾರ ಉಳಿಯುತ್ತಿತ್ತು.

ಗುಲಾಬಿ ಬಣ್ಣ

ನೈಟ್ರಿಕ್ ಆಕ್ಸೈಡ್ ಒಂದು ಅನಿಲ, ಕೆಲವೇ ಸೆಕೆಂಡ್ ಬಾಳುತ್ತದೆ. ಅದನ್ನೇ ಹಿಡಿಯುವುದು ಕಷ್ಟ, ಅದು ಬಿಟ್ಟುಹೋದ ನೈಟ್ರೈಟನ್ನು ಹಿಡಿಯುವುದು ಸುಲಭ. ಗ್ರೀಸ್ ರೀಏಜೆಂಟ್ ಹಾಕಿದರೆ ನೈಟ್ರೈಟ್ ಇದ್ದಲ್ಲಿ ಗುಲಾಬಿ ಬಣ್ಣ ಬರುತ್ತದೆ, 540ರಲ್ಲಿ ಓದಬಹುದು. ಹುಡುಗಿ ನೈಂಟಿ ಸಿಕ್ಸ್ ವೆಲ್ ಪ್ಲೇಟಿನಲ್ಲಿ ನಾಲ್ಕು ಸಾಲು ಇಟ್ಟಳು: ಏನೂ ಕೊಡದ್ದು, ಬರೀ ಇಂಟರ್‌ಫೆರಾನ್, ಬರೀ ಟಿಎನ್‌ಎಫ್, ಎರಡೂ. ರೀಏಜೆಂಟ್ ಹಾಕಿ ಐದು ನಿಮಿಷಕ್ಕೆ ನಾಲ್ಕನೇ ಸಾಲು ಕಣ್ಣಿಗೆ ಹೊಡೆಯುವ ಗುಲಾಬಿ. ಎರಡನೆಯದರಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಛಾಯೆ, ಮೂರನೆಯದರಲ್ಲಿ ಅದೂ ಇಲ್ಲ. ರೀಡರ್ ಬೇಕೇ ಆಗಿರಲಿಲ್ಲ.

ಒಂದೊಂದೇ ಕೊಟ್ಟರೆ ಆಗದ್ದು ಎರಡೂ ಕೊಟ್ಟರೆ ಯಾಕೆ ಆಗುತ್ತದೆ? ಇಂಟರ್‌ಫೆರಾನ್ ಗಾಮಾ ತನ್ನ ರಿಸೆಪ್ಟರಿಗೆ ಅಂಟಿದರೆ ಒಳಗೆ ಜಾಕ್ ಕಿಣ್ವಗಳು ಎದ್ದು ಸ್ಟ್ಯಾಟ್-1 ಎಂಬ ಪ್ರೋಟೀನನ್ನು ನ್ಯೂಕ್ಲಿಯಸ್ಸಿಗೆ ಕಳಿಸುತ್ತವೆ, ಅದು ಐಆರ್‌ಎಫ್-1 ಎಂಬ, ಜೀನ್ ತೆರೆಯುವ ಇನ್ನೊಂದು ಪ್ರೋಟೀನನ್ನು ತಯಾರಿಸುತ್ತದೆ. ಟಿಎನ್‌ಎಫ್ ದಾರಿ ಬೇರೆ, ಅದು ಅಂಥದ್ದೇ ಎನ್‌ಎಫ್-ಕಪ್ಪಾ-ಬಿಯನ್ನು ಕಳಿಸುತ್ತದೆ. ನೈಟ್ರಿಕ್ ಆಕ್ಸೈಡ್ ಮಾಡುವ ಐನಾಸ್ ಕಿಣ್ವದ ಜೀನಿನ ಬಾಗಿಲಿಗೆ ಎರಡು ಬೀಗ. ಇವರಿಬ್ಬರ ಕೀಲಿಯೂ ಒಟ್ಟಿಗೆ ಬಂದರೆ ಬಾಗಿಲು ಪೂರ್ತಿ ತೆಗೆಯುತ್ತದೆ.

ಆಮೇಲಿನದು ರಸಾಯನಶಾಸ್ತ್ರ. ನೈಟ್ರಿಕ್ ಆಕ್ಸೈಡ್‌ಗೆ ಕಬ್ಬಿಣ ಅಂದರೆ ಪ್ರಾಣ. ಮೈಟೊಕಾಂಡ್ರಿಯಾದ ಒಂದನೇ, ಎರಡನೇ ಕಾಂಪ್ಲೆಕ್ಸ್‌ಗಳಲ್ಲಿ, ಸಿಟ್ರಿಕ್ ಆಮ್ಲ ಚಕ್ರದ ಅಕೋನಿಟೇಸ್ ಕಿಣ್ವದಲ್ಲಿ ಕಬ್ಬಿಣ-ಗಂಧಕದ ಗೊಂಚಲುಗಳಿವೆ, ಅವು ಕೆಡುತ್ತವೆ. ನಾಲ್ಕನೇ ಕಾಂಪ್ಲೆಕ್ಸ್‌ನಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಇದು ಹೋಗಿ ಕೂರುತ್ತದೆ, ಆದರೆ ಅದು ತಾತ್ಕಾಲಿಕ, ಅನಿಲ ಹೋದರೆ ಜಾಗ ಖಾಲಿಯಾಗುತ್ತದೆ. ನಮ್ಮ ಸೆಲ್‌ಗಳನ್ನು ತೊಳೆದು ಹೊಸ ಮೀಡಿಯಂ ಕೊಟ್ಟರೂ ಉಸಿರಾಟ ವಾಪಸ್ ಬರಲಿಲ್ಲ, ಹಾಗಾಗಿ ನಾಲ್ಕನೆಯದರ ಮೇಲೆ ನಮಗೆ ಅನುಮಾನ ಕಡಿಮೆಯಾಯಿತು. ಡಿಜಿಟೋನಿನ್ ಹಾಕಿ ಪೊರೆ ತೂತು ಮಾಡಿ, ಒಂದೊಂದು ಕಾಂಪ್ಲೆಕ್ಸ್‌ಗೂ ನೇರವಾಗಿ ಇಂಧನ ಕೊಟ್ಟು ನೋಡಿದೆವು. ಒಂದಕ್ಕೆ ಗ್ಲುಟಮೇಟ್ ಮತ್ತು ಮ್ಯಾಲೇಟ್, ಎರಡಕ್ಕೆ ಸಕ್ಸಿನೇಟ್: ಎರಡೂ ತಗ್ಗು. ನಾಲ್ಕಕ್ಕೆ ಆಸ್ಕಾರ್ಬೇಟ್ ಜೊತೆ ಟಿಎಂಪಿಡಿ ಕೊಟ್ಟಾಗ ಕಂಟ್ರೋಲಿನಷ್ಟೇ ಓಡಿತು. 1982ರ ಚಿತ್ರವೇ ನಮ್ಮ ಸ್ಕ್ರೀನ್ ಮೇಲೆ.

ಈಗ ಹಳದಿ ಬಣ್ಣದ ಲೆಕ್ಕ ಸರಳ. ಒಂದು ಗ್ಲೂಕೋಸನ್ನು ಪೂರ್ತಿ ಉರಿಸಿದರೆ ಸುಮಾರು 30 ಎಟಿಪಿ, ಲ್ಯಾಕ್ಟೇಟ್ ಮಾಡಿ ಬಿಟ್ಟರೆ ಎರಡೇ. ಹಾಗಂತ ಗ್ಲೂಕೋಸ್ ಬಳಕೆ 15 ಪಟ್ಟು ಏರಬೇಕು ಅಂತ ಲೆಕ್ಕ ಹಾಕಬೇಡಿ. ಈ ಸೆಲ್‌ಗಳು ಮೊದಲೇ ಎಟಿಪಿಯ ದೊಡ್ಡ ಪಾಲನ್ನು ಗ್ಲೈಕಾಲಿಸಿಸ್‌ನಿಂದ, ಅಂದರೆ ಆಮ್ಲಜನಕವಿಲ್ಲದೆಯೇ ಗ್ಲೂಕೋಸ್ ಒಡೆಯುವ ದಾರಿಯಿಂದ, ಪಡೆಯುತ್ತಿದ್ದವು, ಉಳಿದ ಕೊರತೆಯನ್ನಷ್ಟೇ ತುಂಬಬೇಕು. ಬೆಳವಣಿಗೆ ನಿಧಾನವಾದದ್ದಕ್ಕೂ ಕಾರಣ ಸಿಕ್ಕಿತು: ಡಿಎನ್‌ಎ ಇಟ್ಟಿಗೆ ಮಾಡುವ ರೈಬೊನ್ಯೂಕ್ಲಿಯೊಟೈಡ್ ರಿಡಕ್ಟೇಸ್ ಕಿಣ್ವವನ್ನೂ ನೈಟ್ರಿಕ್ ಆಕ್ಸೈಡ್ ತಡೆಯುತ್ತದೆ.

ಗ್ಯಾಲಕ್ಟೋಸ್ ಪ್ಲೇಟ್

ಹೊಂದಿಕೆಯಾಗುವ ಕಥೆ ಕಟ್ಟುವುದು ಸುಲಭ, ಅದನ್ನು ಮುರಿಯಲು ನೋಡಬೇಕು. ಎರಡು ರೀತಿಯಲ್ಲಿ ನೋಡಿದೆವು.

ಮೊದಲನೆಯದು, ಐನಾಸ್ ಕಿಣ್ವಕ್ಕೆ ಅಡ್ಡ ಹಾಕುವ ಎಲ್-ಎನ್‌ಎಂಎಂಎ. ಇದು ಆರ್ಜಿನೀನ್ ತರಹವೇ ಕಾಣುವ ವೇಷಧಾರಿ. ಸೈಟೊಕೈನ್ ಜೊತೆ ಇದನ್ನೂ ಕೊಟ್ಟರೆ ಗುಲಾಬಿ ಬರಲಿಲ್ಲ, ಉಸಿರಾಟ ಹೆಚ್ಚುಕಡಿಮೆ ಉಳಿಯಿತು, ಎಂಟಿಟಿ ಮೇಲೇರಿತು.

ಎರಡನೆಯದು ನನಗೆ ಜಾಸ್ತಿ ಇಷ್ಟ. ಮೀಡಿಯಂನ ಗ್ಲೂಕೋಸ್ ತೆಗೆದು ಗ್ಯಾಲಕ್ಟೋಸ್ ಹಾಕುವುದು. ಸೆಲ್ ಗ್ಯಾಲಕ್ಟೋಸನ್ನು ಬಹಳ ನಿಧಾನವಾಗಿ ಒಳದಾರಿಗೆ ತರುತ್ತದೆ, ಅದರ ಗ್ಲೈಕಾಲಿಸಿಸ್ ನಂಬಿ ಬದುಕಲು ಆಗುವುದಿಲ್ಲ, ಮೈಟೊಕಾಂಡ್ರಿಯಾ ಓಡಿಸಲೇಬೇಕು. ಸೀರಂನಲ್ಲೂ ಗ್ಲೂಕೋಸ್ ಇರುತ್ತದೆ, ಹಾಗಾಗಿ ಡಯಾಲಿಸಿಸ್ ಮಾಡಿದ ಸೀರಂ ಬಳಸಬೇಕು, ಇಲ್ಲದಿದ್ದರೆ ಕಳ್ಳದಾರಿಯಲ್ಲಿ ಗ್ಲೂಕೋಸ್ ಬಂದು ಫಲಿತಾಂಶ ಕೆಡಿಸುತ್ತದೆ. ಗ್ಯಾಲಕ್ಟೋಸ್‌ನಲ್ಲಿ ಕಂಟ್ರೋಲ್ ಸೆಲ್‌ಗಳು ಸ್ವಲ್ಪ ಸೋಮಾರಿಗಳಾದವು, ಸಾಯಲಿಲ್ಲ. ಸೈಟೊಕೈನ್ ಕೊಟ್ಟವು ಮರುದಿನಕ್ಕೆ ದುಂಡಗಾಗಿ ತಳ ಬಿಟ್ಟು ತೇಲುತ್ತಿದ್ದವು. ಟ್ರೈಪಾನ್ ಬ್ಲೂ ಹಾಕಿದರೆ ಎಲ್ಲ ಕಡೆ ನೀಲಿ. ಎಲ್-ಎನ್‌ಎಂಎಂಎ ಸೇರಿಸಿದವು ಬದುಕಿದವು. ಅದೇ ಸೈಟೊಕೈನ್, ಅದೇ ಪ್ರಮಾಣ. ಗ್ಲೂಕೋಸ್ ಇದ್ದಾಗ ಬರೀ ಹಳದಿ, ಇಲ್ಲದಾಗ ಸಾವು. "ಈ ಸೈಟೊಕೈನ್ ಕ್ಯಾನ್ಸರ್ ಸೆಲ್ ಕೊಲ್ಲುತ್ತದೆಯೇ" ಎನ್ನುವ ನಮ್ಮ ಮೊದಲ ಪ್ರಶ್ನೆಗೆ ಸೆಲ್ ಏನು ತಿನ್ನುತ್ತಿದೆ ಎಂದು ಹೇಳದೆ ಉತ್ತರವೇ ಇಲ್ಲ ಎಂದು ಅವತ್ತು ನನಗೆ ಗಟ್ಟಿಯಾಯಿತು.

ಪೂರ್ತಿ ಹೊಂದದ ಒಂದು ತುಣುಕೂ ಇದೆ. ಎಲ್-ಎನ್‌ಎಂಎಂಎ ಕೊಟ್ಟಾಗಲೂ ಲ್ಯಾಕ್ಟೇಟ್ ಕಂಟ್ರೋಲಿನ ಮಟ್ಟಕ್ಕೆ ಇಳಿಯಲಿಲ್ಲ, ಸ್ವಲ್ಪ ಮೇಲೇ ನಿಂತಿತು. ಟಿಎನ್‌ಎಫ್ ತಾನಾಗಿಯೇ ಎನ್‌ಎಫ್-ಕಪ್ಪಾ-ಬಿ ಮೂಲಕ ಗ್ಲೂಕೋಸ್ ಒಳತರುವ ಕೆಲಸವನ್ನು ಚುರುಕು ಮಾಡಬಲ್ಲದು, ಅದೇ ಇರಬೇಕು ಎನ್ನುವುದು ನನ್ನ ಊಹೆ. ಊಹೆ ಅಷ್ಟೇ, ಪ್ರಯೋಗ ಮಾಡಿಲ್ಲ.

ಮನುಷ್ಯರ ಸೆಲ್‌ನಲ್ಲಿ ಬೇರೆ ಆಟ

ಇದನ್ನೇ ಮನುಷ್ಯರ ಗರ್ಭಕಂಠದ ಕ್ಯಾನ್ಸರಿನಿಂದ ಬಂದ ಹೆಲಾ ಸೆಲ್‌ಗಳಲ್ಲಿ, ಈ ಸಲ ಮರೆಯದೆ ಮನುಷ್ಯರ ಇಂಟರ್‌ಫೆರಾನ್ ಗಾಮಾ ಹಾಕಿ ಮಾಡಿದೆವು. ಗುಲಾಬಿ ಬರಲೇ ಇಲ್ಲ. ಮನುಷ್ಯರ ಕ್ಯಾನ್ಸರ್ ಲೈನ್‌ಗಳು ಕಲ್ಚರಿನಲ್ಲಿ ಐನಾಸ್ ವಿಷಯದಲ್ಲಿ ಇಲಿಯವುಗಳಷ್ಟು ಉದಾರಿಗಳಲ್ಲ. ಆದರೂ ಬೆಳವಣಿಗೆ ನಿಂತಿತ್ತು. ಅಲ್ಲಿ ಕೆಲಸ ಮಾಡಿದ್ದು ಐಡಿಒ ಕಿಣ್ವ: ಇಂಟರ್‌ಫೆರಾನ್ ಗಾಮಾ ಅದನ್ನು ಎಬ್ಬಿಸುತ್ತದೆ, ಅದು ಟ್ರಿಪ್ಟೊಫಾನ್ ಅಮೈನೊ ಆಮ್ಲವನ್ನು ಕೈನುರೆನಿನ್ ಮಾಡಿ ಮುಗಿಸುತ್ತದೆ, ಟ್ರಿಪ್ಟೊಫಾನ್ ಇಲ್ಲದೆ ಪ್ರೋಟೀನ್ ಕಟ್ಟಲು ಆಗುವುದಿಲ್ಲ. ಮೀಡಿಯಂಗೆ ಟ್ರಿಪ್ಟೊಫಾನ್ ಸೇರಿಸಿದಾಗ ಬೆಳವಣಿಗೆ ಬಹುಪಾಲು ಮರಳಿತು. ಸಂದೇಶ ಅದೇ, ಸೆಲ್ ಒಳಗೆ ಅದು ಕಿತ್ತುಕೊಂಡ ವಸ್ತು ಬೇರೆ. ಇಲಿಯ ಫಲಿತಾಂಶ ಹಿಡಿದು ಮನುಷ್ಯರ ಟ್ಯೂಮರ್ ಬಗ್ಗೆ ಧೈರ್ಯವಾಗಿ ಮಾತಾಡುವವರನ್ನು ಕಂಡರೆ ನನಗೆ ಅದಕ್ಕೇ ಭಯ.

ಟಿ ಸೆಲ್ ಪಾಲಿಗೆ ಏನಾಗುತ್ತದೆ

ಪ್ಲೇಟಿನಲ್ಲಿ ಗ್ಲೂಕೋಸ್ ಬೇಕಾದಷ್ಟಿದೆ. ನಾವು ಬಳಸಿದ ಡಿಎಂಇಎಂ ಎಂಬ ಮೀಡಿಯಂನಲ್ಲಿ ಲೀಟರಿಗೆ 4.5 ಗ್ರಾಂ, ಅಂದರೆ 25 ಮಿಲಿಮೋಲಾರ್. ರಕ್ತದಲ್ಲಿ ಇರುವುದು 5ರ ಆಸುಪಾಸು, ಟ್ಯೂಮರ್ ಒಳಗೆ ಅದಕ್ಕಿಂತಲೂ ಕಡಿಮೆ ಇರಬಹುದು. ಅಲ್ಲಿ ಉಸಿರು ಕಟ್ಟಿದ ಕ್ಯಾನ್ಸರ್ ಸೆಲ್ ಸಿಕ್ಕ ಗ್ಲೂಕೋಸನ್ನೆಲ್ಲ ಬಾಚಿಕೊಂಡರೆ ಪಕ್ಕದಲ್ಲಿರುವ ಟಿ ಸೆಲ್‌ಗೆ ಏನು ಉಳಿಯುತ್ತದೆ?

ಕೆರಳಿದ ಟಿ ಸೆಲ್‌ಗೂ ಗ್ಲೂಕೋಸೇ ಬೇಕು, ಅದರಲ್ಲೂ ಇಂಟರ್‌ಫೆರಾನ್ ಗಾಮಾ ತಯಾರಿಸಲು. 2013ರಲ್ಲಿ ಎರಿಕಾ ಪಿಯರ್ಸ್ ತಂಡ ಇದರ ಹಿಂದಿನ ಕೈಚಳಕ ತೋರಿಸಿತು. ಗ್ಲೈಕಾಲಿಸಿಸ್‌ನಲ್ಲಿ ದುಡಿಯುವ ಜಿಎಪಿಡಿಎಚ್ ಎಂಬ ಕಿಣ್ವಕ್ಕೆ ಅಲ್ಲಿ ಕೆಲಸವಿಲ್ಲದಾಗ ಅದು ಹೋಗಿ ಇಂಟರ್‌ಫೆರಾನ್ ಗಾಮಾದ ಎಂಆರ್‌ಎನ್‌ಎ (ಪ್ರೋಟೀನ್ ಮಾಡಲು ಬೇಕಾದ ಪ್ರತಿ) ಮೇಲೆ ಕೂತುಬಿಡುತ್ತದೆ, ಪ್ರೋಟೀನ್ ಆಗಲು ಬಿಡುವುದಿಲ್ಲ. ಕೆಲಸವಿಲ್ಲದವನು ಬಾಗಿಲಿಗೆ ಅಡ್ಡ ಕೂತ ಹಾಗೆ. 2015ರಲ್ಲಿ ಅದೇ ತಂಡ, ಟ್ಯೂಮರ್ ಗ್ಲೂಕೋಸ್ ಕಬಳಿಸುವುದರಿಂದಲೇ ಟಿ ಸೆಲ್‌ಗಳ ಇಂಟರ್‌ಫೆರಾನ್ ಗಾಮಾ ಕುಗ್ಗಬಹುದು ಎಂದು ಇಲಿಗಳಲ್ಲಿ ತೋರಿಸಿತು.

ನಮ್ಮ ಪ್ಲೇಟನ್ನು ಇದರ ಪಕ್ಕ ಇಟ್ಟರೆ ಒಂದು ಉಂಗುರ ಕಾಣುತ್ತದೆ. ಟಿ ಸೆಲ್ ಇಂಟರ್‌ಫೆರಾನ್ ಗಾಮಾ ಕಳಿಸಿತು. ಟಿಎನ್‌ಎಫ್ ಜೊತೆ ಸೇರಿ ಅದು ಕ್ಯಾನ್ಸರ್ ಸೆಲ್‌ನ ಮೈಟೊಕಾಂಡ್ರಿಯಾ ಮುಚ್ಚಿತು. ಕ್ಯಾನ್ಸರ್ ಸೆಲ್ ಗ್ಲೂಕೋಸ್ ಕಡೆ ತಿರುಗಿ ಸುತ್ತಲಿನದನ್ನು ಖಾಲಿ ಮಾಡಿತು, ಲ್ಯಾಕ್ಟೇಟ್ ಸುರಿಯಿತು. ಗ್ಲೂಕೋಸ್ ಸಿಗದ ಟಿ ಸೆಲ್‌ಗೆ ಇನ್ನೊಂದು ಸುತ್ತು ಇಂಟರ್‌ಫೆರಾನ್ ಗಾಮಾ ಮಾಡುವುದೇ ಕಷ್ಟ. ಒಂದೇ ಏಟು ಎದುರಾಳಿಯನ್ನೂ ಕುಂಟ ಮಾಡಿತು, ಹೊಡೆದವನ ಊಟವನ್ನೂ ಕಿತ್ತಿತು. ಟ್ಯೂಮರ್ ಒಳಗೆ ಯಾವುದು ಗೆಲ್ಲುತ್ತದೆ ಎನ್ನುವುದು ಅಲ್ಲಿ ಎಷ್ಟು ಗ್ಲೂಕೋಸ್ ಬರುತ್ತಿದೆ ಎನ್ನುವುದರ ಮೇಲೂ ನಿಂತಿರಬೇಕು. ಬಡ ಜಾಗದಲ್ಲಿ ಇದೇ ಏಟು ನಮ್ಮ ಗ್ಯಾಲಕ್ಟೋಸ್ ಪ್ಲೇಟಿನ ಹಾಗೆ ಸಾವೂ ಆಗಬಹುದು. ನೈಟ್ರಿಕ್ ಆಕ್ಸೈಡ್ ಮಾಡಿದ ಸೆಲ್‌ನಲ್ಲೇ ಉಳಿಯುವುದಿಲ್ಲ, ಪೊರೆ ದಾಟಿ ಸಂದೇಶವೇ ಕೇಳದ ನೆರೆಯ ಸೆಲ್‌ಗೂ ಹೋಗುತ್ತದೆ, ಹಾಗಾಗಿ ಲೆಕ್ಕ ಇನ್ನೂ ಜಟಿಲ.

ಈಗ ನಮ್ಮಲ್ಲಿ ಸೈಟೊಕೈನ್ ಪ್ಲೇಟ್ ಯಾವುದೇ ಇರಲಿ, ಎಂಟಿಟಿ ಜೊತೆ ಒಂದು ವೆಲ್ ಎಣಿಸಲು, ಒಂದು ಗ್ರೀಸ್‌ಗೆ, ಒಂದು ಗ್ಯಾಲಕ್ಟೋಸ್‌ಗೆ ಎತ್ತಿಡುತ್ತೇವೆ. ಹುಡುಗಿ "ಅರ್ಧಕ್ಕಿಂತ ಜಾಸ್ತಿ ಸೆಲ್ ಸತ್ತಿವೆ" ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ "ಸತ್ತಿಲ್ಲ, ಉಸಿರಾಡುತ್ತಿಲ್ಲ" ಎಂದು ಬರೆದಿದ್ದಾಳೆ. ಆ ಪುಟ ತೋರಿಸಲು ಬಂದಾಗ ಹಿಂದಿನ ಹಾಳೆಗಳನ್ನೂ ತಿರುಗಿಸಿದೆವು. ಹಿಂದಿನ ತಿಂಗಳು ಎರಡು ಕಡೆ ಅವಳದ್ದೇ ಅಕ್ಷರದಲ್ಲಿ "ಮೀಡಿಯಂ ಹಳದಿ, ಕಂಟ್ಯಾಮಿನೇಷನ್, ಬಿಸಾಕಿದೆ" ಎಂದಿತ್ತು. ಮೇಲೆ ಪ್ಲೇಟಿನ ಚಿತ್ರ ನೋಡಿದರೆ ಎರಡರಲ್ಲೂ ಹಳದಿಯಾದದ್ದು ಎರಡೂ ಸೈಟೊಕೈನ್ ಕೊಟ್ಟ ವೆಲ್‌ಗಳೇ. ಹಳದಿಯಾದವುಗಳಲ್ಲಿ ಕಂಟ್ರೋಲ್ ವೆಲ್ ಒಂದೂ ಇರಲಿಲ್ಲ.